ನಕ್ಷೆ ಯಂತ್ರದ್ದಾದರೆ ಪಟ್ಟಿ ಯಾರದು, ಸಹಿ ಯಾರದು?

ಕಟ್ಟಡ ವಿನ್ಯಾಸದ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಿ ನೋಡಿದ ಮೊದಮೊದಲ ಪ್ರಯತ್ನಗಳಲ್ಲಿ ಒಂದು ನಡೆದದ್ದು ಭಾರತದ ಹಳ್ಳಿಯೊಂದನ್ನು ಮುಂದಿಟ್ಟುಕೊಂಡು. ಕೇಂಬ್ರಿಜ್‌ನಲ್ಲಿ ಗಣಿತವನ್ನೂ ವಾಸ್ತುಶಿಲ್ಪವನ್ನೂ ಓದಿ ಹಾರ್ವರ್ಡ್‌ನಲ್ಲಿ ಸಂಶೋಧನೆಗೆ ತೊಡಗಿದ್ದ ಕ್ರಿಸ್ಟೋಫರ್ ಅಲೆಕ್ಸಾಂಡರ್ 1960ರ ದಶಕದ ಆರಂಭದಲ್ಲಿ ಗುಜರಾತಿನ ಒಂದು ಹಳ್ಳಿಯಲ್ಲಿ ಕೆಲಕಾಲ ಉಳಿದಿದ್ದರು. ಆರುನೂರು ಜನರ ಕೃಷಿಕ ಹಳ್ಳಿಯನ್ನು ಹೊಸದಾಗಿ ರೂಪಿಸುವುದಾದರೆ ಅದು ಏನೇನನ್ನು ಪೂರೈಸಬೇಕು ಎಂದು ಅವರು ಪಟ್ಟಿ ಮಾಡಿದರು. 141 ಅಂಶಗಳಾದವು. ಯಾವ ಅಂಶ ಯಾವುದರ ಜೊತೆ ತಳಕು ಹಾಕಿಕೊಂಡಿದೆ ಎಂದು ಎರಡೆರಡನ್ನೇ ಎದುರು ಬದುರು ಇಟ್ಟು ನೋಡಬೇಕು. 141 ಅಂಶಗಳಿಗೆ ಅಂಥ ಜೋಡಿಗಳು 9,870. ಆ ಗೋಜಲನ್ನು ಬಿಡಿಸಿ, ಹತ್ತಿರದ ಅಂಶಗಳನ್ನು ಗುಂಪು ಮಾಡಿಕೊಡುವ ಕೆಲಸವನ್ನು ಐಬಿಎಂ 7090 ಕಂಪ್ಯೂಟರಿಗೆ ವಹಿಸಿದರು. 1964ರಲ್ಲಿ ಪ್ರಕಟವಾದ ಅವರ ಪುಸ್ತಕದಲ್ಲಿ ಇದು ವಿವರವಾಗಿದೆ.

ಆ ಪಟ್ಟಿಯ ಮೊದಲ ಅಂಶವನ್ನು ಓದಿದರೆ ಇಂದು ಯಾರಾದರೂ ತಡೆದು ನಿಲ್ಲುತ್ತಾರೆ. ದಲಿತರನ್ನು ಮೈಲಿಗೆಯವರು, ಅಸ್ಪೃಶ್ಯರು ಎಂದು ಕಾಣಲಾಗುತ್ತದೆ ಎಂಬುದೇ ಆ ಅಂಶ. ಶವಸಂಸ್ಕಾರಕ್ಕೆ ಸರಿಯಾದ ವ್ಯವಸ್ಥೆ, ಮನೆಯ ಬಾಗಿಲು ದಕ್ಷಿಣಕ್ಕೆ ಇರಬಾರದೆಂಬ ನಿಯಮ ಎಲ್ಲ ಅದರ ಹಿಂದೆಯೇ ಬರುತ್ತವೆ. ಒಂದು ಜಾತಿಯವರು ಒಟ್ಟಿಗೆ, ಉಳಿದವರಿಂದ ಬೇರೆಯಾಗಿ ಇರಲು ಬಯಸುತ್ತಾರೆ ಎಂಬುದೂ ಆ 141ರಲ್ಲಿ ಒಂದು. ಹಳ್ಳಿಯಲ್ಲಿ ಕಂಡದ್ದನ್ನು ಅಲೆಕ್ಸಾಂಡರ್ ಕಂಡಂತೆ ಬರೆದುಕೊಂಡರು. ಕಂಪ್ಯೂಟರಿಗೆ ಅಸ್ಪೃಶ್ಯತೆಯೂ ಒಂದು ಅಗತ್ಯ, ದನದ ಕೊಟ್ಟಿಗೆಯೂ ಒಂದು ಅಗತ್ಯ. ಎರಡೂ ಪಟ್ಟಿಯ ಸಾಲುಗಳು. ಹೊಸ ಹಳ್ಳಿ ಕಟ್ಟುವಾಗ ಮೊದಲನೆಯ ಸಾಲನ್ನು ಪೂರೈಸಬೇಕೋ ಹೊಡೆದುಹಾಕಬೇಕೋ ಎಂದು ಕೇಳುವ ತಾಕತ್ತು ಲೆಕ್ಕಕ್ಕೆ ಇಲ್ಲ. ಕೇಳಬೇಕಾದವರು ಪಟ್ಟಿ ಬರೆದವರು.

ಅಲೆಕ್ಸಾಂಡರ್ ಆಮೇಲೆ ಈ ದಾರಿಯಿಂದಲೇ ದೂರ ಸರಿದರು. ಅದೇ ಪುಸ್ತಕದ 1971ರ ಮುದ್ರಣದ ಮುನ್ನುಡಿಯಲ್ಲಿ, ವಿನ್ಯಾಸದ ವಿಧಾನವನ್ನು ವಿನ್ಯಾಸದ ಕೆಲಸದಿಂದ ಬೇರ್ಪಡಿಸಿ ಅಧ್ಯಯನ ಮಾಡುವ ಪರಿಪಾಠವನ್ನೇ ಅವರು ತಳ್ಳಿಹಾಕಿದರು. ಆದರೆ ಅವರು ಬಿಟ್ಟ ಜಾಗದಿಂದ ಉಳಿದವರು ಮುಂದುವರಿದರು. ಅರವತ್ತು ವರ್ಷಗಳ ನಂತರ ಅದೇ ಕೆಲಸವನ್ನು ಲ್ಯಾಪ್‌ಟಾಪು ಚಹಾ ಆರುವುದರೊಳಗೆ ಮುಗಿಸುತ್ತದೆ. ‘ಇನ್ನು ವಾಸ್ತುಶಿಲ್ಪಿ ಯಾಕೆ?’ ಎಂಬ ಪ್ರಶ್ನೆ ಎಲ್ಲೆಡೆ ಕೇಳಿಬರುತ್ತಿರುವುದು ಅದಕ್ಕಾಗಿ.

ಉತ್ತರಕ್ಕೆ ಹೋಗುವ ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಕಂಪ್ಯೂಟರ್ ಮಾಡಿದ ವಿನ್ಯಾಸ ಎಂದು ನಾವು ಒಂದೇ ಉಸಿರಿನಲ್ಲಿ ಹೇಳುವುದರೊಳಗೆ ಸಂಬಂಧವೇ ಇಲ್ಲದ ಕೆಲಸಗಳು ಸೇರಿಕೊಂಡಿವೆ. ಒಂದು, ಚಿತ್ರ ಬರೆಯುವುದು. 2022ರಲ್ಲಿ ಮಿಡ್‌ಜರ್ನಿ, ಸ್ಟೇಬಲ್ ಡಿಫ್ಯೂಷನ್ ಮುಂತಾದವು ಜನರ ಕೈಗೆ ಬಂದವು. ಕೋಟಿಗಟ್ಟಲೆ ಚಿತ್ರಗಳನ್ನೂ ಅವುಗಳ ಜೊತೆಗಿನ ವಿವರಣೆಯನ್ನೂ ನೋಡಿ ಕಲಿತ ಈ ತಂತ್ರಾಂಶಗಳು ‘ಕೆಂಪು ಹೆಂಚಿನ, ಮಳೆಯಲ್ಲಿ ನೆನೆದ, ಎರಡಂತಸ್ತಿನ ಮನೆ’ ಎಂದರೆ ಅಂಥದೊಂದು ಚಿತ್ರ ಕೊಡುತ್ತವೆ. ಜಹಾ ಹದೀದ್ ಆರ್ಕಿಟೆಕ್ಟ್ಸ್ ಸಂಸ್ಥೆಯ ಮುಖ್ಯಸ್ಥ ಪ್ಯಾಟ್ರಿಕ್ ಶುಮಾಕರ್ 2023ರಲ್ಲಿ, ತಮ್ಮ ಬಹುತೇಕ ಯೋಜನೆಗಳ ಆರಂಭಿಕ ಹಂತದಲ್ಲಿ ಇವನ್ನು ಬಳಸುತ್ತಿರುವುದಾಗಿ ಬಹಿರಂಗವಾಗಿಯೇ ಹೇಳಿದರು. ಇವು ಬರೆಯುವುದು ಕಟ್ಟಡವನ್ನಲ್ಲ, ಕಟ್ಟಡದ ಫೋಟೋದಂಥದ್ದನ್ನು. ಅದರೊಳಗೆ ಕಾಲಂ ಎಲ್ಲಿದೆ, ನೀರು ಎಲ್ಲಿಂದ ಇಳಿಯುತ್ತದೆ ಎಂಬುದು ಚಿತ್ರಕ್ಕೆ ಗೊತ್ತಿಲ್ಲ.

ಇನ್ನೊಂದು ಬಗೆ ಲೆಕ್ಕದ್ದು. ಜಾಗದ ಅಳತೆ, ನಿಯಮಗಳು, ಸಾಧಿಸಬೇಕಾದ ಗುರಿಗಳು, ಇಷ್ಟನ್ನು ಕೊಟ್ಟರೆ ತಂತ್ರಾಂಶ ಸಾವಿರಾರು ವಿನ್ಯಾಸಗಳನ್ನು ತಯಾರಿಸಿ, ಪ್ರತಿಯೊಂದಕ್ಕೂ ಅಂಕ ಹಾಕಿ, ಒಳ್ಳೆಯ ಅಂಕದವನ್ನು ಬೆರೆಸಿ ಮತ್ತೊಂದು ಪೀಳಿಗೆ ಹುಟ್ಟಿಸುತ್ತಾ ಹೋಗುತ್ತದೆ. ಆಟೊಡೆಸ್ಕ್ ಕಂಪನಿ ಟೊರಾಂಟೊದ ತನ್ನ ಕಚೇರಿಯನ್ನು 2017ರಲ್ಲಿ ಹೀಗೆಯೇ ರೂಪಿಸಿಕೊಂಡಿತು. ಹತ್ತು ಸಾವಿರಕ್ಕೂ ಹೆಚ್ಚು ವಿನ್ಯಾಸಗಳು, ಅಳೆಯಲು ಆರು ಮಾನದಂಡಗಳು: ಯಾರ ಹತ್ತಿರ ಯಾರು ಕೂರಬಯಸುತ್ತಾರೆ, ಯಾವ ಬಗೆಯ ಕೆಲಸದ ಜಾಗ ಅವರಿಗೆ ಇಷ್ಟ, ಓಡಾಟದ ಲವಲವಿಕೆ, ಉತ್ಪಾದಕತೆ, ಹಗಲಿನ ಬೆಳಕು, ಹೊರನೋಟ. ಕೇಳಲು ಎಲ್ಲವೂ ಚೆನ್ನಾಗಿವೆ. ಆದರೆ ‘ಉತ್ಪಾದಕತೆ’ಯನ್ನು ಯಂತ್ರ ಹೇಗೆ ಅಳೆಯಬೇಕು? ಕೂತವರ ಕಣ್ಣಿಗೆ ಎಷ್ಟು ಮೇಜುಗಳು ಬೀಳುತ್ತವೆ, ಸದ್ದಿನ ಮೂಲ ಎಷ್ಟು ಹತ್ತಿರವಿದೆ ಎಂಬುದರಿಂದ ಅಳೆಯಬಹುದು ಎಂದು ವಿನ್ಯಾಸಕರೇ ತೀರ್ಮಾನಿಸಿದರು. ಬೇರೆ ವಿನ್ಯಾಸಕರಿದ್ದರೆ ಬೇರೆ ಅಳತೆ ಹಿಡಿಯುತ್ತಿದ್ದರು, ಹತ್ತು ಸಾವಿರ ನಕ್ಷೆಗಳೂ ಬೇರೆಯಾಗುತ್ತಿದ್ದವು. ಯಂತ್ರ ಆರಿಸಿತು ಎನ್ನುವ ಮಾತಿನ ಹಿಂದೆ ಇಂಥ ಆರು ಮನುಷ್ಯ ತೀರ್ಮಾನಗಳು ಮೊದಲೇ ಆಗಿಹೋಗಿದ್ದವು.

ಈ ಬಗೆಯ ತಂತ್ರಾಂಶಕ್ಕೆ ಇರುವ ಬೆಲೆ ಸಣ್ಣದಲ್ಲ. ನಿವೇಶನದ ಮೇಲೆ ಕಟ್ಟಡಗಳನ್ನು ಹೇಗೆ ಕೂರಿಸಿದರೆ ಬಿಸಿಲು, ಗಾಳಿ, ಸದ್ದು ಹೇಗಾಗುತ್ತದೆ ಎಂದು ಲೆಕ್ಕ ಹಾಕುವ ನಾರ್ವೆಯ ಸ್ಪೇಸ್‌ಮೇಕರ್ ಎಂಬ ಕಂಪನಿಯನ್ನು ಅದೇ ಆಟೊಡೆಸ್ಕ್ 2020ರಲ್ಲಿ 24 ಕೋಟಿ ಡಾಲರ್ ಕೊಟ್ಟು ಕೊಂಡಿತು.

ಲೆಕ್ಕ ಹಾಕಿ ಮನೆ ಅಳೆಯುವುದು ನಮಗೆ ಹೊಸದೇನೂ ಅಲ್ಲ. ಮನೆ ಕಟ್ಟುವ ಮುನ್ನ ಆಯ ಹಾಕಿಸುವುದು ಇನ್ನೇನು? ಉದ್ದ ಅಗಲಗಳ ಗುಣಾಕಾರ, ಕೊನೆಗೆ ಎಂಟರಿಂದ ಭಾಗಾಕಾರ, ಶೇಷ ಒಂದಾದರೆ ಧ್ವಜಾಯ, ಮೂರಾದರೆ ಸಿಂಹಾಯ, ಏಳಾದರೆ ಗಜಾಯ. ಬೇಕಾದ ಶೇಷ ಬರುವವರೆಗೆ ಗೋಡೆಯನ್ನು ಅಂಗುಲ ಅಂಗುಲವಾಗಿ ಹಿಂದೆ ಮುಂದೆ ಮಾಡಿದ ಮನೆಗಳು ನಮ್ಮ ಊರುಗಳಲ್ಲಿ ಲೆಕ್ಕವಿಲ್ಲದಷ್ಟಿವೆ. ಇಂದಿನ ತಂತ್ರಾಂಶಕ್ಕೆ ಈ ಲೆಕ್ಕ ಚಿಟಿಕೆ ಹೊಡೆಯುವಷ್ಟರ ಕೆಲಸ. ಆಯ ಸರಿಬಂದ ಮನೆಯಲ್ಲಿ ಅಡುಗೆಮನೆಗೆ ಗಾಳಿ ಬಾರದೆ ಹೋದರೆ ಯಾರನ್ನು ಕೇಳಬೇಕು ಎಂಬುದು ಅಂದಿನ ಪ್ರಶ್ನೆಯೂ ಹೌದು, ಇಂದಿನದೂ ಹೌದು.

ಮೂರನೆಯ ಬಗೆ ಈಗ ಬೆಳೆಯುತ್ತಿರುವುದು: ಇರುವ ಮನೆಗಳ ನಕ್ಷೆಗಳನ್ನು ನೋಡಿ ಕಲಿತು ಹೊಸ ನಕ್ಷೆ ಬರೆಯುವುದು. ಇಲ್ಲಿ ಅಲೆಕ್ಸಾಂಡರ್ ಅವರ ಪಟ್ಟಿಯ ಸಮಸ್ಯೆ ಮತ್ತೆ ಬರುತ್ತದೆ, ಈ ಬಾರಿ ಕಣ್ಣಿಗೆ ಬೀಳದಂತೆ. ಪಟ್ಟಿಯನ್ನು ಯಾರೂ ಬರೆಯುವುದೇ ಇಲ್ಲ. ಹಳೆಯ ನಕ್ಷೆಗಳೊಳಗೆ ಅದು ಅಡಗಿರುತ್ತದೆ. 2020ರಲ್ಲಿ ಬಂದ ಹೌಸ್‌ಗ್ಯಾನ್ ಎಂಬ ಸಂಶೋಧನೆ ಲಕ್ಷಕ್ಕೂ ಹೆಚ್ಚು ಜಪಾನಿ ಮನೆಗಳ ನಕ್ಷೆಗಳಿಂದ ಕಲಿಯಿತು. ಚೀನಾದ ಸಂಶೋಧಕರು 2019ರಲ್ಲಿ ಸಿದ್ಧಪಡಿಸಿದ ಆರ್‌ಪ್ಲ್ಯಾನ್ ಸಂಗ್ರಹದಲ್ಲಿ 80 ಸಾವಿರಕ್ಕೂ ಹೆಚ್ಚು ವಸತಿ ನಕ್ಷೆಗಳಿವೆ. ಈ ಕ್ಷೇತ್ರದ ಬಹಳಷ್ಟು ಪ್ರಯೋಗಗಳು ಇಂಥ ಸಂಗ್ರಹಗಳ ಮೇಲೆ ನಿಂತಿವೆ. ದೇವರ ಮನೆ, ಅಡುಗೆಮನೆಯ ಹಿಂದೆ ಪಾತ್ರೆ ಬಟ್ಟೆ ತೊಳೆಯುವ ಯುಟಿಲಿಟಿ, ಚಪ್ಪಲಿ ಬಿಡುವ ಜಗುಲಿ, ಹಬ್ಬಕ್ಕೆ ಇಪ್ಪತ್ತು ಜನ ಬಂದರೆ ಎಲೆ ಹಾಕಲು ಬೇಕಾದ ಹಾಲಿನ ಉದ್ದ, ಇವು ಟೋಕಿಯೋದ ಫ್ಲ್ಯಾಟಿನಿಂದ ಕಲಿತ ಯಂತ್ರಕ್ಕೆ ಹೇಗೆ ಹೊಳೆಯಬೇಕು?

ಹಾಗಾದರೆ ನಮ್ಮದೇ ನಕ್ಷೆಗಳನ್ನು ಕೊಟ್ಟು ಕಲಿಸೋಣ ಎನ್ನಬಹುದು. ಕಲಿಸಬೇಕು ಕೂಡ. ಆಗ ಅದು ನಮ್ಮ ಅಪಾರ್ಟ್‌ಮೆಂಟುಗಳ ‘ಸರ್ವೆಂಟ್ ರೂಮ್’ ಅನ್ನೂ ಕಲಿಯುತ್ತದೆ. ಒಂದು ಮಂಚ ಹಾಕಿದರೆ ಮುಗಿಯುವ ಕೋಣೆ, ಕಿಟಕಿ ಇದ್ದರೆ ಕೊಳವೆಗಳಿಗೆಂದು ಬಿಟ್ಟ ಡಕ್ಟಿನ ಕಡೆಗೆ, ಬಾಗಿಲು ಯುಟಿಲಿಟಿಯ ಒಳಗಿನಿಂದ, ಮನೆಯವರ ಬಚ್ಚಲಿಗೆ ಸೇರದಂತೆ ಬೇರೆ ಬಚ್ಚಲು. ನೂರು ನಕ್ಷೆಯಲ್ಲಿ ಅದು ಹಾಗಿದ್ದರೆ ನೂರಾ ಒಂದನೆಯದರಲ್ಲೂ ಹಾಗೆಯೇ ಬರುತ್ತದೆ. ಪಾಪ, ಅಲೆಕ್ಸಾಂಡರ್ ತಮ್ಮ ಪಟ್ಟಿಯ ಮೊದಲ ಸಾಲನ್ನು ಕನಿಷ್ಠ ಎಲ್ಲರಿಗೂ ಕಾಣುವಂತೆ ಅಚ್ಚು ಹಾಕಿಸಿದ್ದರು.

ಈಗ 30×40ರ ನಿವೇಶನಕ್ಕೆ ಬರೋಣ. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಮನೆ ಕಟ್ಟಲು ಹೊರಟವರ ಮೊಬೈಲಿನಲ್ಲಿ ಈಗ ಒಂದು ಚಿತ್ರ ಇದ್ದೇ ಇರುತ್ತದೆ. ಅದನ್ನು ಎದುರಿಗೆ ಹಿಡಿದು ‘ಹೀಗೇ ಬರಬೇಕು’ ಎನ್ನುತ್ತಾರೆ. ಚಿತ್ರದಲ್ಲಿ ಮೊದಲ ಮಹಡಿ ಹತ್ತಡಿ ಮುಂದಕ್ಕೆ ಚಾಚಿದೆ, ಕೆಳಗೆ ಆಧಾರವಿಲ್ಲ. ಮುಂಭಾಗದ ಎಲಿವೇಶನ್ ತುಂಬ ಗಾಜು. ಎರಡೂ ಪಕ್ಕದಲ್ಲಿ ತೋಟ, ಹಿಂದೆ ಗುಡ್ಡ. ನಿವೇಶನದ ಎರಡೂ ಪಕ್ಕದಲ್ಲಿರುವುದು ಪಕ್ಕದ ಮನೆಯ ಗೋಡೆ. ನಿಯಮದಂತೆ ಸೆಟ್‌ಬ್ಯಾಕ್ ಎಂದು ಬಿಟ್ಟ ಸಂದಿಯಲ್ಲಿ ಒಬ್ಬರು ಅಡ್ಡಡ್ಡ ನಡೆಯಬಹುದು. ಗಾಜಿನ ಗೋಡೆ ಪಶ್ಚಿಮಕ್ಕೆ ಬಿದ್ದರೆ ಏಪ್ರಿಲ್ ಮಧ್ಯಾಹ್ನ ಆ ಕೋಣೆಯಲ್ಲಿ ಕೂರುವವರಿಲ್ಲ. ಚಿತ್ರದ ಮೆಟ್ಟಿಲನ್ನು ಹಿಗ್ಗಿಸಿ ನೋಡಿದರೆ ಎಂಟನೆಯ ಮೆಟ್ಟಿಲ ಮೇಲೆ ತಲೆ ಬೀಮಿಗೆ ತಾಗುತ್ತದೆ. ಆಮೇಲೆ ಚಿತ್ರದಲ್ಲಿ ಇಲ್ಲದವು: ಸಂಪು, ತಾರಸಿಯ ಟ್ಯಾಂಕು, ಗ್ಯಾಸ್ ಸಿಲಿಂಡರ್, ಸ್ಕೂಟರ್, ಮಂಡಿನೋವಿನ ಅತ್ತೆಗೆ ನೆಲಮಹಡಿಯಲ್ಲೇ ಬೇಕಾದ ಕೋಣೆ ಮತ್ತು ಬಚ್ಚಲು.

ಈ ಕೊನೆಯದನ್ನು ಯಾರೂ ತಾವಾಗಿ ಹೇಳುವುದಿಲ್ಲ. ಮನೆಯ ಯಜಮಾನರು ಎಲಿವೇಶನ್ ಬಗ್ಗೆ ಅರ್ಧ ಗಂಟೆ ಮಾತಾಡುತ್ತಾರೆ. ಮೂಲೆಯಲ್ಲಿ ಕೂತ ಹಿರಿಯರನ್ನು ‘ಅಮ್ಮ, ರಾತ್ರಿ ಎಷ್ಟು ಸಲ ಏಳುತ್ತೀರಿ?’ ಎಂದು ಕೇಳಿದಾಗಲೇ ಮನೆಯ ನಿಜವಾದ ಅಗತ್ಯ ಹೊರಬರುವುದು. ಇಂದು ಆ ಕುಟುಂಬಕ್ಕೆ ವಾಸ್ತುಶಿಲ್ಪಿಯಿಂದ ಆಗಬೇಕಾದ ದೊಡ್ಡ ಉಪಕಾರ ಈ ಬಗೆಯ ಪ್ರಶ್ನೆಯೇ. ಪಟ್ಟಿ ಸರಿಯಾದ ಮೇಲೆ ಕೋಣೆಗಳನ್ನು ಜೋಡಿಸುವುದನ್ನು ಯಂತ್ರ ಮಾಡಿಕೊಡಲಿ, ಯಾರ ಗಂಟೂ ಹೋಗುವುದಿಲ್ಲ.

ಪಟ್ಟಿ ನಡುದಾರಿಯಲ್ಲಿ ಬದಲಾಗುವುದೂ ಉಂಟು. ವಿಧಾನಸೌಧಕ್ಕೆ 1951ರಲ್ಲಿ ನೆಹರೂ ಶಂಕುಸ್ಥಾಪನೆ ಮಾಡಿದಾಗ ಇದ್ದ ಯೋಜನೆ ಸರಳವಾದದ್ದು. 1952ರಲ್ಲಿ ಅಧಿಕಾರಕ್ಕೆ ಬಂದ ಕೆಂಗಲ್ ಹನುಮಂತಯ್ಯನವರಿಗೆ ಅದು ಒಪ್ಪಿಗೆಯಾಗಲಿಲ್ಲ. ಶಾಸಕಾಂಗಕ್ಕೆ ಸಭಾಂಗಣ, ಸಚಿವಾಲಯಕ್ಕೆ ಕೋಣೆಗಳು ಎಂಬ ಅಗತ್ಯದ ಮೇಲೆ, ಈ ನೆಲದ ದೇಗುಲ ವಾಸ್ತುವಿನ ಗತ್ತು ಅದರಲ್ಲಿ ಕಾಣಬೇಕು ಎಂಬ ಹಟ ಸೇರಿತು. ಬಿ.ಆರ್. ಮಾಣಿಕ್ಯಂ ಅವರ ತಂಡ ಆ ಹಟಕ್ಕೆ ರೂಪ ಕೊಟ್ಟಿತು. 1956ಕ್ಕೆ ಕಟ್ಟಡ ಎದ್ದು ನಿಂತಿತು. ಖರ್ಚಿನ ಬಗ್ಗೆ ಬೇಕಾದಷ್ಟು ಟೀಕೆಯೂ ಬಂತು. ಆ ಟೀಕೆ ಸರಿಯೇ ತಪ್ಪೇ ಎಂದು ಇಂದಿಗೂ ವಾದಿಸಬಹುದು. ವಾದಿಸಲು ಎದುರಿಗೆ ಒಬ್ಬ ಮನುಷ್ಯ, ಅವನದೊಂದು ತೀರ್ಮಾನ ಇದ್ದವು ಎಂಬುದು ಮುಖ್ಯ.

ಹಾಗೆಂದು ಮನುಷ್ಯ ವಿನ್ಯಾಸಕನನ್ನು ಅಟ್ಟಕ್ಕೇರಿಸುವ ಅಗತ್ಯವಿಲ್ಲ. ಲಾಸ್ ವೇಗಸ್‌ನ ವ್ಡಾರಾ ಹೋಟೆಲಿನ ಒಳಬಾಗಿದ ಗಾಜಿನ ಮುಖ 2010ರಲ್ಲಿ ಈಜುಕೊಳದ ಬಳಿ ಮಲಗಿದ್ದವರ ಮೇಲೆ ಬಿಸಿಲನ್ನು ಒಟ್ಟುಗೂಡಿಸಿ ಸುಟ್ಟಿತು. ಅದೇ ವಾಸ್ತುಶಿಲ್ಪಿ ರಫಾಯೆಲ್ ವಿನ್ಯೋಲಿ ರೂಪಿಸಿದ ಲಂಡನ್ನಿನ 20 ಫೆಂಚರ್ಚ್ ಸ್ಟ್ರೀಟ್ ಕಟ್ಟಡ 2013ರಲ್ಲಿ ರಸ್ತೆಯಲ್ಲಿ ನಿಲ್ಲಿಸಿದ್ದ ಜಾಗ್ವಾರ್ ಕಾರಿನ ಭಾಗಗಳನ್ನು ಕರಗಿಸಿತು. ಒಮ್ಮೆ ಆದದ್ದು ಮತ್ತೊಮ್ಮೆ ಆಯಿತು. ಬಿಸಿಲಿನ ಕೋನವನ್ನು ವರ್ಷದ ಪ್ರತಿ ಗಂಟೆಗೂ ಲೆಕ್ಕ ಹಾಕುವುದು ಕಂಪ್ಯೂಟರಿಗೆ ಬೇಸರ ತರುವ ಕೆಲಸವಲ್ಲ. ನಮ್ಮಲ್ಲೂ ಇಂಧನ ಉಳಿತಾಯಕ್ಕೆಂದು ಬಂದ 2018ರ ಇಕೋ ನಿವಾಸ್ ಸಂಹಿತೆ ವಸತಿ ಕಟ್ಟಡದ ಹೊರಮೈಯಿಂದ (ತಾರಸಿ ಬಿಟ್ಟು) ಒಳಬರುವ ಶಾಖಕ್ಕೆ ಚದರ ಮೀಟರಿಗೆ 15 ವ್ಯಾಟ್ ಎಂಬ ಮಿತಿ ಹಾಕಿದೆ. ಕಿಟಕಿಯ ಮೇಲಿನ ಸಜ್ಜಾವನ್ನು ಆರಂಗುಲ ಹೆಚ್ಚಿಸಿದರೆ, ಕಿಟಕಿಯನ್ನು ಗೋಡೆಯ ಈ ಕೊನೆಯಿಂದ ಆ ಕೊನೆಗೆ ಸರಿಸಿದರೆ ಆ ಅಂಕಿ ಎಷ್ಟು ಇಳಿಯುತ್ತದೆ ಎಂದು ಕೈಯಲ್ಲಿ ಲೆಕ್ಕ ಹಾಕುತ್ತಾ ಕೂರುವ ವ್ಯವಧಾನ ಸಣ್ಣ ಕಚೇರಿಗಳಿಗೆ ಎಲ್ಲಿದೆ? ಈ ಕೆಲಸಕ್ಕೂ ಯಂತ್ರ ಬೇಡ ಎನ್ನುವ ವಾಸ್ತುಶಿಲ್ಪಿ ಕಲೆಯ ಹೆಸರಿನಲ್ಲಿ ಸೋಮಾರಿತನವನ್ನು ಕಾಪಾಡುತ್ತಿದ್ದಾನೆ ಎಂದೇ ನನ್ನ ಅಭಿಪ್ರಾಯ.

ಲೆಕ್ಕ ಸರಿಯಿದೆ ಎಂಬ ನಂಬಿಕೆ ಎಲ್ಲಿಗೆ ಮುಟ್ಟಿಸುತ್ತದೆ ಎಂಬುದಕ್ಕೆ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಆದದ್ದನ್ನು ಎಂಜಿನಿಯರಿಂಗ್ ತರಗತಿಗಳಲ್ಲಿ ಇಂದಿಗೂ ಹೇಳಿಕೊಡುತ್ತಾರೆ. ಅಲ್ಲಿನ ಸಿವಿಕ್ ಸೆಂಟರ್ ಎಂಬ ಕ್ರೀಡಾಂಗಣದ ವಿಶಾಲವಾದ ಉಕ್ಕಿನ ಛಾವಣಿಯನ್ನು 1970ರ ದಶಕದ ಆರಂಭದಲ್ಲಿ ಕಂಪ್ಯೂಟರ್ ವಿಶ್ಲೇಷಣೆಯಿಂದ ರೂಪಿಸಿದ್ದರು. ಕಟ್ಟುವಾಗಲೇ ಛಾವಣಿ ಲೆಕ್ಕದಲ್ಲಿ ಹೇಳಿದ್ದಕ್ಕಿಂತ ಎರಡು ಪಟ್ಟು ಜಗ್ಗಿರುವುದು ಕಂಡಿತ್ತು. ಕಣ್ಣಿಗೆ ಕಂಡದ್ದನ್ನು ಹೇಳಿದವರಿಗೆ, ಇಷ್ಟು ವ್ಯತ್ಯಾಸ ಇದ್ದೇ ಇರುತ್ತದೆ ಎಂಬ ಉತ್ತರ ಸಿಕ್ಕಿತು. 1978ರ ಜನವರಿ 18ರ ಬೆಳಗಿನ ಜಾವ, ಹಿಮದ ಭಾರಕ್ಕೆ ಛಾವಣಿ ಪೂರ್ತಿ ಕುಸಿಯಿತು. ಕೆಲವೇ ಗಂಟೆಗಳ ಹಿಂದೆ ಸುಮಾರು ಐದು ಸಾವಿರ ಜನ ಅಲ್ಲಿ ಬ್ಯಾಸ್ಕೆಟ್‌ಬಾಲ್ ಪಂದ್ಯ ನೋಡಿ ಹೋಗಿದ್ದರು. ಸರಳುಗಳನ್ನು ಹಿಡಿದಿಡುವ ಆಧಾರದ ಬಗ್ಗೆ ಲೆಕ್ಕದಲ್ಲಿ ಊಹಿಸಿಕೊಂಡದ್ದೇ ಒಂದು, ನಿಜವಾಗಿ ಕಟ್ಟಿದ್ದೇ ಒಂದು. ತನಗೆ ಕೊಟ್ಟ ಊಹೆಯ ಮೇಲೆ ಯಂತ್ರ ತಪ್ಪಿಲ್ಲದೆ ಗುಣಾಕಾರ ಮಾಡಿತ್ತು.

ಇಲ್ಲಿಂದ ಸಹಿಯ ಪ್ರಶ್ನೆ. ವಾಸ್ತುಶಿಲ್ಪಿಗಳ ಕಾಯ್ದೆ, 1972ರ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಾಯಿಸಿಕೊಂಡವರು ಮಾತ್ರ ‘ಆರ್ಕಿಟೆಕ್ಟ್’ ಎಂದು ಕರೆದುಕೊಳ್ಳಬಹುದು. ಆದರೆ 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ಸಂಗತಿಯನ್ನು ಸ್ಪಷ್ಟಪಡಿಸಿತು: ಕಾಯ್ದೆಯ 37ನೇ ಕಲಂ ಕಾಪಾಡುವುದು ಹೆಸರನ್ನು, ವೃತ್ತಿಯನ್ನಲ್ಲ. ನೋಂದಣಿ ಇಲ್ಲದವರು ಕಟ್ಟಡ ವಿನ್ಯಾಸ ಮಾಡುವುದನ್ನು ಆ ಕಲಂ ತಡೆಯುವುದಿಲ್ಲ. ಎಂದರೆ ಭಾರತದಲ್ಲಿ ವಿನ್ಯಾಸದ ಬಾಗಿಲು ಮೊದಲಿನಿಂದಲೂ ತೆರೆದೇ ಇದೆ. ನಮ್ಮ ಬಹುಪಾಲು ಮನೆಗಳನ್ನು ರೂಪಿಸಿದವರು ಮೇಸ್ತ್ರಿಗಳು, ಕಂಟ್ರಾಕ್ಟರುಗಳು, ಪಾಲಿಕೆಯ ಕಚೇರಿಯ ಆಸುಪಾಸಿನಲ್ಲಿ ನಕ್ಷೆ ಬರೆದುಕೊಡುವ ಅಂಗಡಿಗಳವರು. ಯಂತ್ರದ ನಿಜವಾದ ಪೈಪೋಟಿ ಇರುವುದು ಹೆಸರಾಂತ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿಯಂಥವರ ಜೊತೆಗಲ್ಲ, ಆ ಅಂಗಡಿಯ ಜೊತೆಗೆ. ಬನ್ನೇರುಘಟ್ಟ ರಸ್ತೆಯ ಐಐಎಂ ಆವರಣದಲ್ಲಿ ದೋಶಿ ಕಟ್ಟಿದ ಒರಟು ಕಲ್ಲಿನ ಗೋಡೆಗಳ ನಡುವೆ, ಮೇಲೆ ಅರ್ಧ ತೆರೆದ ಪಡಸಾಲೆಯಲ್ಲಿ ನಡೆದವರಿಗೆ ಈ ಮಾತನ್ನು ಹೆಚ್ಚು ವಿವರಿಸಬೇಕಿಲ್ಲ.

ಬೆಂಗಳೂರಿನ ಪಾಲಿಕೆ 2024ರಲ್ಲಿ ತಂದ ‘ನಂಬಿಕೆ ನಕ್ಷೆ’ ಯೋಜನೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. 50×80 ಅಡಿವರೆಗಿನ ನಿವೇಶನದ ವಸತಿ ಕಟ್ಟಡಕ್ಕೆ, ನೋಂದಾಯಿತ ವಾಸ್ತುಶಿಲ್ಪಿ ಇಲ್ಲವೇ ಎಂಜಿನಿಯರ್ ಮೂಲಕ ಆನ್‌ಲೈನಿನಲ್ಲಿ ನಕ್ಷೆ ಸಲ್ಲಿಸಿದರೆ ತಾತ್ಕಾಲಿಕ ಮಂಜೂರಾತಿ ಕೂಡಲೇ ಸಿಗುತ್ತದೆ, ಪರಿಶೀಲನೆ ಆಮೇಲೆ. ಕಚೇರಿಯಿಂದ ಕಚೇರಿಗೆ ಅಲೆಯುವುದು ತಪ್ಪಿತಲ್ಲ ಎಂದು ಜನರಿಗೆ ಸಮಾಧಾನ. ಆದರೆ ನಂಬಿಕೆಯ ಭಾರ ಪೂರ್ತಿ ಬಿದ್ದದ್ದು ಆ ಒಂದು ಸಹಿಯ ಮೇಲೆ. ನಕ್ಷೆಯನ್ನು ತಂತ್ರಾಂಶ ಬರೆದು, ನಿಯಮವನ್ನು ಇನ್ನೊಂದು ತಂತ್ರಾಂಶ ಪರಿಶೀಲಿಸಿ, ನಡುವೆ ಸಹಿ ಹಾಕುವವರು ನಿವೇಶನವನ್ನೇ ನೋಡದಿದ್ದರೆ? ಒಬ್ಬರ ನೋಂದಣಿ ಸಂಖ್ಯೆಯ ಮೇಲೆ ದಿನಕ್ಕೆ ಎಷ್ಟು ನಕ್ಷೆ ಹೊರಬೀಳಬಹುದು ಎಂಬುದಕ್ಕೆ ಮೊದಲು ಕೈಯ ವೇಗವೇ ಮಿತಿಯಾಗಿತ್ತು. ಆ ಮಿತಿ ಈಗ ಇಲ್ಲ. ಕಟ್ಟಡ ವಾಲಿದಾಗ ಪೊಲೀಸರು ಹುಡುಕುವುದು ಮಾಲೀಕ, ಕಂಟ್ರಾಕ್ಟರ್, ಎಂಜಿನಿಯರ್ ಇವರನ್ನು. ಸಾಫ್ಟ್‌ವೇರ್ ಕಂಪನಿಯ ಷರತ್ತುಗಳನ್ನು ಓದಿ ನೋಡಿ, ಎಲ್ಲ ಹೊಣೆಯೂ ಬಳಕೆದಾರರದ್ದೇ. ಕೃತಿಸ್ವಾಮ್ಯದಲ್ಲೂ ನಮ್ಮ ಕಾನೂನಿನ ಒಲವು ಹೀಗೆಯೇ ಇದೆ. 1994ರ ತಿದ್ದುಪಡಿಯ ಪ್ರಕಾರ ಕಂಪ್ಯೂಟರಿನಿಂದ ಹುಟ್ಟಿದ ಕೃತಿಗೆ, ಅದು ಹುಟ್ಟಲು ಕಾರಣನಾದ ವ್ಯಕ್ತಿಯೇ ಕರ್ತೃ. ಹಕ್ಕು ಮನುಷ್ಯನದಾದರೆ ಹೊಣೆಯನ್ನು ಯಂತ್ರದ ತಲೆಗೆ ಕಟ್ಟುವುದು ಹೇಗೆ?

ಪಟ್ಟಿಯೂ ಮನುಷ್ಯನದು, ಸಹಿಯೂ ಮನುಷ್ಯನದು ಎಂದು ಒಪ್ಪಿದರೂ ನಿಜವಾದ ಇಕ್ಕಟ್ಟು ಉಳಿಯುತ್ತದೆ. ವಾಸ್ತುಶಿಲ್ಪಿ ಇಷ್ಟು ದಿನ ಹಣ ಪಡೆದದ್ದು ಇವೆರಡಕ್ಕೂ ಅಲ್ಲ, ನಡುವಿನ ನಕ್ಷೆಗೆ. ಕೌನ್ಸಿಲ್‌ನ ಶುಲ್ಕ ನಿಯಮಾವಳಿ ಕಟ್ಟಡದ ವೆಚ್ಚದ ಶೇಕಡಾವಾರು ಲೆಕ್ಕದಲ್ಲಿದೆ. ಪರಿಕಲ್ಪನೆಯ ನಕ್ಷೆ, ಮಂಜೂರಾತಿ ನಕ್ಷೆ, ಕೆಲಸದ ನಕ್ಷೆ ಎಂದು ಹಂತ ಹಂತವಾಗಿ ಪಾವತಿ. ಮನೆಯವರ ಜೊತೆ ಕೂತು ಅಗತ್ಯಗಳನ್ನು ಕೆದಕಿ ತೆಗೆದ ಸಂಜೆಗಳು, ಸೆಂಟ್ರಿಂಗ್ ಬಿಚ್ಚುವ ದಿನ ಬಿಸಿಲಲ್ಲಿ ನಿಂತದ್ದು, ಸಣ್ಣ ಕೆಲಸಗಳಲ್ಲಿ ಇವು ನಕ್ಷೆಯ ಜೊತೆ ಪುಕ್ಕಟೆಯಾಗಿ ಬರುತ್ತಿದ್ದವು. ನಕ್ಷೆಯ ಬೆಲೆ ಬಿದ್ದರೆ ‘ಮೊಬೈಲೇ ಬರೆದುಕೊಡುತ್ತದೆ, ನಿಮಗೇಕೆ ಅಷ್ಟು?’ ಎಂದು ಕೇಳುವವರಿಗೆ ಹೇಳಲು ಉತ್ತರವಿಲ್ಲ. ಉತ್ತರ ಬೇಕಾದರೆ ಒಪ್ಪಂದವೇ ಬದಲಾಗಬೇಕು: ಅಗತ್ಯಗಳ ಅಧ್ಯಯನಕ್ಕೆ ಇಷ್ಟು, ನಿವೇಶನದ ಪ್ರತಿ ಭೇಟಿಗೆ ಇಷ್ಟು, ಸಹಿಯ ಹೊಣೆಗೆ ಇಷ್ಟು ಎಂದು ಬಿಡಿಸಿ ಬರೆಯಬೇಕು.

ಇದಕ್ಕಿಂತ ಕಷ್ಟದ ಸ್ಥಿತಿ ಕಾಲೇಜಿನಿಂದ ಈಗಷ್ಟೇ ಹೊರಬಂದವರದು. ಆರ್ಕಿಟೆಕ್ಚರ್ ಪದವಿ ಐದು ವರ್ಷದ್ದು. ಅದು ಮುಗಿದ ಮೇಲೆ ಮೊದಲ ಎರಡು ಮೂರು ವರ್ಷ ಕಚೇರಿಯಲ್ಲಿ ಅವರಿಗೆ ಸಿಗುತ್ತಿದ್ದದ್ದು ಬಚ್ಚಲಿನ ಟೈಲ್ಸ್ ನಕ್ಷೆ, ಮೆಟ್ಟಿಲಿನ ವಿವರ, ಬಾಗಿಲು ಕಿಟಕಿಗಳ ಪಟ್ಟಿ. ಯಾರಿಗೂ ಬೇಡವಾದ ಕೆಲಸ. ಆದರೆ ಮೆಟ್ಟಿಲನ್ನು ಇಪ್ಪತ್ತು ಸಲ ತಪ್ಪು ಬರೆದು, ಹಿರಿಯರಿಂದ ಬೈಸಿಕೊಂಡು, ಕಟ್ಟುವಾಗ ಮೇಸ್ತ್ರಿಯಿಂದ ನಗಿಸಿಕೊಂಡು ಕಲಿತವರಿಗೆ ಮಾತ್ರ ಮೊಬೈಲಿನ ಚಿತ್ರದ ಎಂಟನೆಯ ಮೆಟ್ಟಿಲಲ್ಲಿ ತಲೆ ತಾಗುವುದು ಕಣ್ಣಿಗೆ ಬೀಳುತ್ತದೆ. ಈ ಕಿರಿಯರ ಕೆಲಸವನ್ನೇ ಯಂತ್ರ ಮೊದಲು ತೆಗೆದುಕೊಳ್ಳುತ್ತಿರುವುದು. ಹತ್ತು ವರ್ಷ ಬಿಟ್ಟು ಯಂತ್ರದ ನಕ್ಷೆಯನ್ನು ತಿದ್ದಬೇಕಾದ ಹಿರಿಯರು ಇವರಲ್ಲಿಯೇ ತಯಾರಾಗಬೇಕು.

ನಕ್ಷೆ ಬರೆಯುವ ಕುರ್ಚಿ ಖಾಲಿಯಾದರೆ ಆ ವರ್ಷಗಳನ್ನು ನಿವೇಶನದಲ್ಲಿ ಕಳೆಯಲು ಬಿಡಬಹುದು: ಪಾಯದ ಅಗೆತದಿಂದ ಗಾರೆಯವರೆಗೆ ಒಂದು ಮನೆಯ ಜೊತೆ ಒಬ್ಬ ಕಿರಿಯ. ಜೊತೆಗೆ, ಯಂತ್ರ ಬರೆದ ನಕ್ಷೆಯಲ್ಲಿ ಏನು ತಪ್ಪಿದೆ ಎಂದು ಹುಡುಕಿ ಬರೆದು ಕೊಡುವ ಕೆಲಸ. ಅದಕ್ಕೆ ಸಂಬಳ ಕೊಡುವವರು ಯಾರು ಎಂದು ಸಣ್ಣ ಕಚೇರಿಗಳವರು ಕೇಳುತ್ತಾರೆ, ನ್ಯಾಯವಾಗಿಯೇ ಕೇಳುತ್ತಾರೆ. ನಿವೇಶನದ ಭೇಟಿಗೆ ಮನೆಯ ಮಾಲೀಕರು ದುಡ್ಡು ಕೊಡಲು ಒಪ್ಪುವವರೆಗೆ ಅದಕ್ಕೆ ಹಣ ಹುಟ್ಟುವುದಿಲ್ಲ. ಎಲಿವೇಶನ್ ಚಿತ್ರಕ್ಕೆ ಸಾವಿರಾರು ರೂಪಾಯಿ ಕೊಡುತ್ತಿದ್ದವರು ಈಗ ಅದು ಬಿಟ್ಟಿಯಾಗಿ ಸಿಗುವಾಗ, ಉಳಿದ ಹಣವನ್ನು ಅತ್ತ ತಿರುಗಿಸುತ್ತಾರೋ ಗ್ರಾನೈಟಿಗೆ ಹಾಕುತ್ತಾರೋ ಎಂಬುದರ ಮೇಲೆ ಬಹಳಷ್ಟು ನಿಂತಿದೆ.